ಹೊಸಬರನ್ನು ಕೈಹಿಡಿಯುವ ಸಂಘ

ಅಮೇರಿಕದ ಕಾಲೇಜುಗಳಲ್ಲಿ ‘ಫ್ರೆಟರ್ನಿಟಿ’ ಎಂಬ ಸಹೋದರ ಸಂಘಗಳಿವೆ. ಹೆಸರು ಗ್ರೀಕ್ ಅಕ್ಷರಗಳಲ್ಲಿ, ವಿಧಿಗಳು ಗುಟ್ಟಿನಲ್ಲಿ. ನಮ್ಮ ಪತ್ರಿಕೆಗಳಲ್ಲಿ ಅವುಗಳ ಸುದ್ದಿ ಬಂದರೆ ಅದು ಹೆಚ್ಚಾಗಿ ಕುಡಿತದ್ದು, ರ‍್ಯಾಗಿಂಗ್‌ನದ್ದು. ಸೇರ್ಪಡೆಯ ಹೆಸರಿನಲ್ಲಿ ನಡೆದ ಹಿಂಸೆಗೆ ಪ್ರಾಣ ತೆತ್ತ ಹುಡುಗರಿದ್ದಾರೆ. ಹಾಗಿದ್ದೂ ಪಿಯುಸಿ ಮುಗಿಸಿ ಹೊರಡುವ ನನ್ನ ವಿದ್ಯಾರ್ಥಿನಿಯರಿಗೆ ಅಂತಹ ಒಂದು ಸಂಘದ ಕಥೆಯನ್ನೇ ನಾನು ಹೇಳುತ್ತೇನೆ.

ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನೂರು ವರ್ಷಗಳ ಹಿಂದೆ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. 1904-05ರಲ್ಲಿ ಓದಿದ ಆರು ಮಂದಿ ಮರುವರ್ಷ ಹಿಂತಿರುಗಲೇ ಇಲ್ಲ. ಬಿಳಿಯರ ಸಂಘಗಳಿಗೆ ಇವರನ್ನು ಸೇರಿಸುತ್ತಿರಲಿಲ್ಲ. ಆ ಸಂಘಗಳ ಮನೆಗಳಲ್ಲಿ ದುಡಿಯಲು ಮಾತ್ರ ಅಡ್ಡಿಯಿರಲಿಲ್ಲ. ಉಳಿದವರು ಒಟ್ಟಿಗೆ ಕೂತು ಓದತೊಡಗಿದರು. ಆ ಓದಿನ ಗುಂಪೇ 1906ರ ಡಿಸೆಂಬರ್ 4ರಂದು ‘ಆಲ್ಫಾ ಫೈ ಆಲ್ಫಾ’ ಸಂಘವಾಯಿತು. ಸ್ಥಾಪಕರು ಏಳು ಮಂದಿ.

ಮದ್ರಸದಲ್ಲಿ ಕಲಿತು ಅನಂತರ ಬಿ.ಎ.ಗೆ ಸೇರಿದ ನನಗೆ ಈ ಕಥೆ ದೂರದ್ದೆನಿಸಲಿಲ್ಲ. ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವರು ನಾವು ಮೂವರು. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಒಬ್ಬಳು ಓದುವಳು, ಇನ್ನೊಬ್ಬಳು ಅರ್ಥ ಹೇಳುವಳು. ಒಬ್ಬಳ ಬಳಿ ಪರೀಕ್ಷೆಯ ಫೀಸಿಗೆ ಹಣವಿಲ್ಲದಾಗ ಉಳಿದಿಬ್ಬರು ಬಸ್ಸಿನ ದುಡ್ಡು ಉಳಿಸಿ ನಡೆದೇ ಹೋದೆವು. ಮೂವರೂ ಪಾಸಾದೆವು. ಅಲ್ಲಿಗೆ ನಮ್ಮ ಗುಂಪು ಮುಗಿಯಿತು.

ಆ ಏಳು ಮಂದಿಯ ಗುಂಪು ಮುಗಿಯಲಿಲ್ಲ. 1920ರ ದಶಕದಲ್ಲಿ ಅವರ ಸಂಘದವರು ಕಪ್ಪು ಮಕ್ಕಳಿಗೆ ಹೈಸ್ಕೂಲಿಗೆ ಹೋಗಿ, ಕಾಲೇಜಿಗೆ ಹೋಗಿ ಎಂದು ಹುರಿದುಂಬಿಸುವ ಚಳವಳಿ ನಡೆಸಿದರು. 1930ರ ದಶಕದಲ್ಲಿ ಮತದಾನದ ಹಕ್ಕಿನ ಜಾಗೃತಿಗೆ ಇಳಿದರು. 1952ರಲ್ಲಿ ಬೋಸ್ಟನ್‌ನಲ್ಲಿ ಓದುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಈ ಸಂಘದ ಸದಸ್ಯರಾದರು. ವಾಷಿಂಗ್ಟನ್‌ನಲ್ಲಿ ಕಿಂಗ್ ಅವರಿಗೊಂದು ಸ್ಮಾರಕವಾಗಬೇಕೆಂದು ಪಟ್ಟು ಹಿಡಿದವರೂ ಇವರೇ. 2011ರಲ್ಲಿ ಅದು ಉದ್ಘಾಟನೆಯಾಯಿತು.

ಹೆಣ್ಣುಮಕ್ಕಳೂ ಹಿಂದೆ ಬೀಳಲಿಲ್ಲ. ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು 1908ರಲ್ಲಿ ‘ಆಲ್ಫಾ ಕಪ್ಪಾ ಆಲ್ಫಾ’ ಎಂಬ ಸಹೋದರಿಯರ ಸಂಘ ಕಟ್ಟಿದರು. 1935ರಿಂದ 1942ರವರೆಗೆ ಬೇಸಿಗೆಯಲ್ಲಿ ಈ ಸಂಘದವರು ಡಾ. ಡೊರೊಥಿ ಫೆರೆಬೀ ಅವರ ನೇತೃತ್ವದಲ್ಲಿ ಮಿಸಿಸಿಪ್ಪಿಯ ಬಡವರಿಗೆ ಚಿಕಿತ್ಸೆ ನೀಡಲು ಹೊರಡುತ್ತಿದ್ದರು. ಕೂಲಿಗಳು ಚಿಕಿತ್ಸಾಲಯಕ್ಕೆ ಬರಲು ಜಮೀನ್ದಾರರು ಬಿಡಲಿಲ್ಲ. ಇವರು ಸುಮ್ಮನೆ ಮರಳಲಿಲ್ಲ. ತಮ್ಮ ಕಾರುಗಳಲ್ಲೇ ಔಷಧಿ ತುಂಬಿಕೊಂಡು ಹತ್ತಿ ಹೊಲಗಳಿಗೆ ಹೋದರು. ಸಿಡುಬು, ಗಂಟಲಮಾರಿ ತಗಲದಂತೆ ಮಕ್ಕಳಿಗೆ ಲಸಿಕೆ ಹಾಕಿದರು.

ಇಷ್ಟೆಲ್ಲ ಮಾಡಿದ ಆಲ್ಫಾ ಫೈ ಆಲ್ಫಾದಲ್ಲೂ ಹೊಸಬರನ್ನು ಹಿಂಸಿಸಿದ ದೂರುಗಳು ಬಂದಿವೆ. ಇದನ್ನೂ ನಾನು ಹುಡುಗಿಯರಿಗೆ ಮುಚ್ಚಿಡುವುದಿಲ್ಲ. ಓದು ಬಿಟ್ಟು ಹೋದ ಆರು ಮಂದಿಯ ನೋವನ್ನು ಕಂಡು ಹುಟ್ಟಿದ ಸಂಘವೇ ಹೊಸಬರಿಗೆ ನೋವು ಕೊಟ್ಟರೆ, ಅದರ ಹೆಸರು ಉಳಿದೀತು, ಅರ್ಥ ಉಳಿಯದು.

ಸಹೋದರಿಯರೇ, ನಿಮ್ಮ ಮಗನೋ ಮಗಳೋ ಇಂದು ಯಾವುದಾದರೂ ಹಾಸ್ಟೆಲಿನಲ್ಲಿ ಸೀನಿಯರ್ ಆಗಿರಬಹುದು. ಫೋನ್ ಬಂದಾಗ ಊಟ ಆಯಿತೇ, ಅಂಕ ಎಷ್ಟು ಎಂದು ಕೇಳಿಯೇ ಕೇಳುತ್ತೀರಿ. ಜೊತೆಗೆ ಇನ್ನೊಂದು ಮಾತು ಕೇಳಿ: ಈ ವರ್ಷ ಹೊಸದಾಗಿ ಬಂದ ಬಡ ಮಗುವಿಗೆ ನಿನ್ನ ಹಳೆಯ ಪುಸ್ತಕ ಕೊಟ್ಟೆಯಾ? ಸ್ಕಾಲರ್‌ಶಿಪ್ ಅರ್ಜಿ ತುಂಬಲು ಜೊತೆಗೆ ಕೂತೆಯಾ?