ಮಾಳಿಗೆ ಮೇಲಿನ ಡೋಣಿ

ಧಾರವಾಡದ ನಮ್ಮ ಓಣಿಗೆ ನಳ ಬರುವುದು ಆರು ದಿನಕ್ಕೊಮ್ಮೆ. ಬ್ಯಾಸಗಿಯಲ್ಲಿ ಎಂಟಕ್ಕೋ ಒಂಬತ್ತಕ್ಕೋ. ಅಂಥ ಓಣಿಯ ಒಂದು ಮನೆಯ ಮಾಳಿಗೆ ಮೇಲೆ 300 ಲೀಟರ್ ನೀರು ಹಿಡಿಯುವ, ಆರು ತೂತುಗಳಿಂದ ನೀರು ಚಿಮ್ಮಿಸುವ ಜಾಕುಝಿ ಟಬ್ಬಿದೆ ಎಂದರೆ ಯಾರೂ ನಂಬುವುದಿಲ್ಲ. ಆ ಮನೆ ನಮ್ಮದು. ಟಬ್ಬು ಮಗನದು. ತೊಳೆಯುವ ಕೆಲಸ ಮಾತ್ರ ನನ್ನದು.

ಮೇಲಿನ ಮನೆ ಕಟ್ಟಿಸುವಾಗ ಟೆಕ್ಸಾಸಿನಿಂದ ಮಗ ಫೋನಿನಲ್ಲೇ ಎಲ್ಲ ಠರಾಯಿಸಿದ್ದ. "ಅಪ್ಪಾ, ನಿಮ್ಮ ಮೊಣಕಾಲಿಗೆ ಭಾಳ ಚಲೋ ಆಗ್ತದ" ಎಂದ. ಟಬ್ಬು ಮೆಟ್ಟಿಲಲ್ಲಿ ತಿರುಗಲಿಲ್ಲ. ನಾಲ್ಕು ಮಂದಿ ಹಮಾಲರು ಹಗ್ಗ ಕಟ್ಟಿ ಹೊರಗಿನಿಂದ ಎಳೆದು ಏರಿಸಿದರು, ಓಣಿ ಮಂದಿಯೆಲ್ಲ ಕೆಲಸ ಬಿಟ್ಟು ನಿಂತು ನೋಡಿದರು. ಆಗಿನ್ನೂ ಇದ್ದ ನಮ್ಮವ್ವ ಕೋಲೂರಿಕೊಂಡು ಮೇಲೆ ಬಂದು, ಅದರ ಸುತ್ತ ಒಂದು ಸುತ್ತು ಹಾಕಿ, "ಡೋಣಿ ಚಲೋ ಐತಿ. ದನಾ ಎಲ್ಲಿ ಕಟ್ಟತೀರಿ?" ಎಂದು ಕೇಳಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಡೋಣಿಯೇ.

ಮಗ ಹೇಳಿದ್ದು ಸುಳ್ಳೇನಲ್ಲ. ಈ ಟಬ್ಬು ಹುಟ್ಟಿದ್ದೇ ಕೀಲುನೋವಿನ ಮನೆಯಲ್ಲಿ. ಜಾಕುಝಿ ಎಂಬುದು ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದ ಅಣ್ಣತಮ್ಮಂದಿರ ಅಡ್ಡಹೆಸರು. ಮೊದಲು ವಿಮಾನದ ಪಂಖ ಮಾಡುತ್ತಿದ್ದರು, ಆಮೇಲೆ ಹೊಲಕ್ಕೆ ನೀರೆತ್ತುವ ಪಂಪು. ಅವರಲ್ಲಿ ಕಿರಿಯವನಾದ ಕ್ಯಾಂಡಿಡೊನ ಮಗ ಕೆನೆತ್‌ಗೆ ಎಳವೆಯಲ್ಲೇ ಸಂಧಿವಾತ ಬಡಿಯಿತು. ಆಸ್ಪತ್ರೆಯಲ್ಲಿ ಸಿಗುವ ನೀರಿನ ಚಿಕಿತ್ಸೆ ಹುಡುಗನಿಗೆ ಮನೆಯಲ್ಲೂ ಸಿಗಲಿ ಎಂದು, ಟಬ್ಬಿನೊಳಗೆ ಇಳಿಬಿಡುವ ಪಂಪು ತಯಾರಾಯಿತು; 1956ರಲ್ಲಿ ಅದು ಪೇಟೆಗೂ ಬಂತು. 1968ರಲ್ಲಿ ಅದೇ ಮನೆತನದ ರಾಯ್ ಜಾಕುಝಿ ಪಂಪು, ಪೈಪು ಎಲ್ಲವನ್ನೂ ಟಬ್ಬಿನ ಗೋಡೆಯೊಳಗೇ ಸೇರಿಸಿದ. ಇಳಿಬಿಟ್ಟ ಪಂಪನ್ನು ಎತ್ತಿ, ತೊಳೆದು, ಬಿಸಿಲಿಗೆ ಇಡಬಹುದಿತ್ತು. ಗೋಡೆಯೊಳಗೆ ಹೋದ ಪೈಪಿನ ಹೊಟ್ಟೆಯನ್ನು ನೋಡುವವರು ಯಾರು?

ನಾವಂತೂ ನೋಡಲಿಲ್ಲ. ಮೊದಲ ದೀಪಾವಳಿಗೆ ಬಂದ ಮಗ ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಅದರಲ್ಲೇ ಕೂತು ಜಳಕ ಮಾಡಿ, ಸುಖಪಟ್ಟು, ಹೊರಟುಹೋದ. ಎರಡು ವರ್ಷದ ಮೇಲೆ ಸೊಸೆ, ಮೊಮ್ಮಗನ ಜೊತೆ ಬಂದಾಗ ಮತ್ತೆ ನೀರು ತುಂಬಿಸಿ ಗುಂಡಿ ಒತ್ತಿದ. ಮೋಟಾರು ಗುಂಯ್ ಎಂದಿತು. ಆಮೇಲೆ ಆರೂ ತೂತುಗಳಿಂದ ಕರೀ ಪಾಪಡಿಗಳು ಹೊರಬಿದ್ದವು. ಹಂಚಿನ ಮೇಲೆ ಸೀದ ರೊಟ್ಟಿಯ ಹಕ್ಕಳೆಯಂತೆ ತೆಳ್ಳಗೆ, ಅಂಚು ಹರಿದಿದ್ದವು. ಬೆರಳಲ್ಲಿ ಹಿಡಿಯಹೋದರೆ ಲೋಳೆಯಾಗಿ ಜಾರುತ್ತಿದ್ದವು. ಬಿಳೀ ಟಬ್ಬಿನ ತುಂಬ ಗರಗರ ತಿರುಗಿದವು. ವಾಸನೆ ಮಾತ್ರ ಖಾಸಾ ಗಟಾರಿನದು. ಮೊಮ್ಮಗ ಚಪ್ಪಾಳೆ ತಟ್ಟಿದ. ಸೊಸೆ ಏನೂ ಮಾತಾಡದೆ ಅವನನ್ನೆತ್ತಿಕೊಂಡು ಕೆಳಗೆ ಹೋಗಿ, ಬಕೆಟ್ಟು ತಂಬಿಗೆ ತೆಗೆದುಕೊಂಡಳು.

ಮೂವತ್ತು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದವನು ನಾನು. ನನಗೆ ನಾಚಿಕೆಯಾಯಿತು. ಟಬ್ಬಿನ ಬೂಚು ತೆಗೆದು ನೀರು ಬಿಟ್ಟರೂ ಪೈಪಿನ ಬಾಗುಗಳಲ್ಲಿ ಒಂದಿಷ್ಟು ನಿಂತೇ ಇರುತ್ತದೆ. ಅದಕ್ಕೆ ಮೈಜಿಡ್ಡು, ಸಾಬೂನು, ಮಗನ ದೀಪಾವಳಿ ಎಣ್ಣೆ ಕೂಡಿದರೆ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ಪೈಪಿನ ಒಳಮೈಗೆ ಲೋಳೆಯ ಪದರು ಕಟ್ಟಿಕೊಂಡು ಕೂಡುತ್ತವೆ. ಬರೀ ನೀರಿಗೆ ಆ ಪದರು ಜಪ್ಪೆನ್ನುವುದಿಲ್ಲ. ಹಂಡೆಗೆ ಈ ಕಾಟವಿಲ್ಲ. ಬಗ್ಗಿದರೆ ತಳ ಕಾಣುತ್ತದೆ. ಹುಣಸೆಹಣ್ಣು, ಉಪ್ಪು ಹಿಡಿದ ಕೈ ಹೋಗದ ಜಾಗ ಅದರಲ್ಲಿಲ್ಲ.

ಹುಬ್ಬಳ್ಳಿಯಿಂದ ಬಂದ ಪ್ಲಂಬರ್ ಹುಡುಗ, "ಸರ, ಆಸಿಡ್ ಹೊಡದ ಬಿಡೋಣ್ರಿ, ಫಳಫಳ ಅಂತೈತಿ" ಎಂದ. ಬಾಟ್ಲಿಯನ್ನು ಅವನ ಕೈಯಿಂದ ಕಸಿದುಕೊಂಡೆ. ಆಸಿಡ್ಡಿಗೆ ಟಬ್ಬಿನ ಹೊಳಪೂ ಹೋಗುತ್ತದೆ, ಪಂಪಿನ ರಬ್ಬರೂ ಹೋಗುತ್ತದೆ. ಅವನಿಗೆ ಚಹಾ ಕುಡಿಸಿ ಕಳಿಸಿ, ಓದಿ ಕೇಳಿ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ.

ಮೊದಲು ಬಿಸಿನೀರು. ಸೋಲಾರಿನ 200 ಲೀಟರ್ ಸಾಲದು, ಗೀಸರೂ ಕೈಗೂಡಿಸಬೇಕು. ತೂತುಗಳ ಮೇಲೆ ನಾಲ್ಕು ಬೆರಳು ನೀರು ನಿಲ್ಲಲೇಬೇಕು. ಒಮ್ಮೆ ನೀರು ಉಳಿಸಹೋಗಿ ಕಡಿಮೆ ತುಂಬಿಸಿದೆ. ಕನ್ನಡಿ, ದೀಪ, ನನ್ನ ಚಸ್ಮಾ ಎಲ್ಲಕ್ಕೂ ಅಭಿಷೇಕವಾಯಿತು. ಗಾಳಿ ಬಿಡುವ ತಿರುಪು ಬಂದ್ ಮಾಡಬೇಕು, ಆಗಲೇ ಪೈಪಿನ ತುಂಬ ನೀರು ಓಡುವುದು. ಪಾತ್ರೆ ತೊಳೆಯುವ ಮಷೀನಿಗೆ ಹಾಕುವ ಪುಡಿ ಎರಡು ಚಮಚೆ ಹಾಕುತ್ತೇನೆ. ಅದು ಜಿಡ್ಡು ಬಿಡಿಸುತ್ತದೆ, ನೊರೆ ಎಬ್ಬಿಸುವುದಿಲ್ಲ. ಈ ಎರಡನೆಯ ಮಾತು ನಮ್ಮಾಕಿಗೆ ಹೇಳಿರಲಿಲ್ಲ. ನಾನಿಲ್ಲದಾಗ ಉಪಕಾರ ಮಾಡಹೋಗಿ ಅರಿವೆ ಒಗೆಯುವ ಪುಡಿ ಸುರುವಿದಳು. ನಾನು ಬಂದಾಗ ನೊರೆ ಬಚ್ಚಲ ಹೊಸ್ತಿಲು ದಾಟಿ ಮೆಟ್ಟಿಲ ಕಡೆ ಹೊರಟಿತ್ತು.

ಹದಿನೈದು ನಿಮಿಷ ಓಡಿಸಿ ನೀರು ಬಿಡಬೇಕು. ಮತ್ತೆ ತಣ್ಣೀರು ತುಂಬಿಸಿ ಹತ್ತು ನಿಮಿಷ ಓಡಿಸಿ ಬಿಡಬೇಕು. ಮೇನ್ ಆರಿಸಿ, ನೀರೆಳೆಯುವ ಜಾಳಿಗೆಯ ಮುಚ್ಚಳ ಬಿಚ್ಚಿದರೆ ಹಿಂದೆ ಕೂದಲಿನ ಉಂಡಿ ಇರುತ್ತದೆ. ತೂತಿನ ಬಾಯಿಗೆ ನೀರಿನ ಸುಣ್ಣ ಕಟ್ಟಿರುತ್ತದೆ, ಅದಕ್ಕೆ ವಿನೆಗರ್ ಮತ್ತು ಹಳೇ ಹಲ್ಲಿನ ಬ್ರಶ್. ಲೋಳೆ ಹೆಚ್ಚಿದ್ದರೆ ಪುಡಿಯ ಬದಲು ಒಂದಿಷ್ಟು ಬ್ಲೀಚ್. ಆದರೆ ಬ್ಲೀಚ್ ಮುಟ್ಟಿದ ದಿನ ವಿನೆಗರ್ ಬಾಟ್ಲಿ ಕೆಳಗೆ ಅಡುಗೆಮನೆಯಲ್ಲೇ ಇರುತ್ತದೆ. ಎರಡೂ ಕೂಡಿದರೆ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನರು ಬಿಟ್ಟದ್ದು ಅದನ್ನೇ. ವರ್ಷವರ್ಷ ಇದನ್ನು ಕ್ಲಾಸಿನಲ್ಲಿ ಹೇಳುತ್ತಿದ್ದೆ, ಯಾರೂ ಬರೆದುಕೊಳ್ಳುತ್ತಿರಲಿಲ್ಲ.

ಇನ್ನು ಲೆಕ್ಕ. ಎರಡು ಸಲ ತುಂಬಿದರೆ 600 ಲೀಟರ್. 15 ಲೀಟರಿನ ಕೊಡ ಹಿಡಿದರೆ ನಲವತ್ತು ಕೊಡ. ಸವದತ್ತಿಯ ರೇಣುಕಾಸಾಗರದಲ್ಲಿ ನಿಂತ ಮಲಪ್ರಭೆ ಅಮ್ಮಿನಭಾವಿಗೆ ಬಂದು, ಶುದ್ಧವಾಗಿ, ನಮ್ಮ ಓಣಿ ಮುಟ್ಟಿ, ಮೋಟಾರಿನಿಂದ ಮಾಳಿಗೆ ಏರಿ, ಕಡೆಗೆ ಮಾಡುವ ಕೆಲಸ ಟೆಕ್ಸಾಸಿನ ಮಗನ ಪೈಪು ತೊಳೆಯುವುದು. 2008ರಲ್ಲಿ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವೇ ವಾರ್ಡುಗಳಿಗೆ ಇಪ್ಪತ್ನಾಲ್ಕು ತಾಸೂ ನೀರು ಬಂತು. ನಮ್ಮ ತಂಗಿಯ ಮನೆ ಅಂಥ ವಾರ್ಡಿನಲ್ಲಿದೆ. ಆಕೆಯ ಮನೆಯಲ್ಲಿ ಟಬ್ಬಿಲ್ಲ.

ತಿಂಗಳಿಗೊಮ್ಮೆ ತೊಳೆಯಬೇಕು ಎಂಬುದು ಶಾಸ್ತ್ರ. ನಾನು ತೊಳೆಯುವುದು ನಳ ಬಂದ ಮರುದಿನ, ಅದೂ ವಾಲ್‌ಮನ್‌ನನ್ನು ಕಂಡು ಮುಂದಿನ ಪಾಳಿ ಯಾವಾಗ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಎರಡನೆಯ ನೀರನ್ನು ಬಕೆಟ್ಟಿನಲ್ಲಿ ತುಂಬಿ ಫರಸಿ ತೊಳೆಯಲು, ಪಾಯಖಾನೆಗೆ ಹಾಕಲು ಇಟ್ಟುಕೊಳ್ಳುತ್ತೇವೆ. ಉಳಿದ ದಿನಗಳಲ್ಲಿ ನಮ್ಮಾಕಿ ಡೋಣಿಯನ್ನು ಡೋಣಿಯಾಗಿಯೇ ಬಳಸುತ್ತಾಳೆ. ನಳ ಬಂದ ರಾತ್ರಿ ಸಿಂಟೆಕ್ಸ್, ಬ್ಯಾರಲ್, ಕೊಡ ಎಲ್ಲ ತುಂಬಿದ ಮೇಲೆ ಕಟ್ಟಕಡೆಗೆ ಅದನ್ನೂ ತುಂಬಿಸಿ ಮೇಲೆ ಹಲಗೆ ಮುಚ್ಚುತ್ತಾಳೆ. ನಿಂತ ನೀರು ಪೈಪಿನೊಳಗೂ ಹೋಗಿ ಮತ್ತೆ ಲೋಳೆ ಕಟ್ಟುತ್ತದೆ ಎಂದು ನಾನು ಜಗಳಕ್ಕೆ ನಿಂತೆ.

"ಅಲ್ರೀ, ತುಂಬಿ ಇಡದಿದ್ರ ಆ ಲೋಳಿ ತೊಳಿಲಿಕ್ಕೆ ನಲವತ್ತ ಕೊಡಾ ನೀರ ಎಲ್ಲಿಂದ ತರತೀರಿ?"

ಕೆಮಿಸ್ಟ್ರಿಯಲ್ಲಿ ಇದಕ್ಕೆ ಉತ್ತರವಿಲ್ಲ.

ಕಳೆದ ವರ್ಷದ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗಿ, ಸುಣ್ಣ-ಕೆಮ್ಮಣ್ಣು ಬರೆದು, ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತಿದ ಮೇಲೆ ಒಂದು ಮೊಳ ಬಳ್ಳಿ ಉಳಿಯಿತು. ಆಕೆ ಅದನ್ನು ಹಿಡಿದು ಮೇಲೆ ಹೋಗಿ ಟಬ್ಬಿನ ನಳಕ್ಕೆ ಕಟ್ಟಿದಳು. ಅಂಚಿಗೆ ಎರಡು ಸುಣ್ಣದ ಗೆರೆ ಎಳೆದಳು. ಸುಣ್ಣಕ್ಕೆ ಅಕ್ರಿಲಿಕ್ ಗೀರು ಬೀಳುತ್ತದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಆರತಿ ಬೆಳಗಿ ಮುಗಿದಿತ್ತು.

ಮಗ ಡಿಸೆಂಬರಿಗೆ ಬರುತ್ತಾನಂತೆ. ನಳ ಬರುವ ದಿನ ಕೇಳಿಕೊಂಡು ಟಿಕೆಟ್ ತೆಗೆಸು ಎಂದು ಹೇಳಿದ್ದೇನೆ.