ಸ್ಲೈಡು ನೋಡುವ ಕಣ್ಣು

ಎಂಬತ್ತರ ದಶಕದಲ್ಲಿ ಲ್ಯಾಬ್ ಟೆಕ್ನಿಷಿಯನ್ ತರಬೇತಿಗೆ ಸೇರಿದ ನಮಗೆ ಮೊದಲು ಕಲಿಸಿದ್ದು ಬಾಯಲ್ಲಿ ಪಿಪೆಟ್ ಎಳೆಯುವುದನ್ನು. ರೋಗಿಯ ಬೆರಳು ಚುಚ್ಚಿ, ಮೂಡಿದ ರಕ್ತವನ್ನು ಗಾಜಿನ ಪಿಪೆಟ್ಟಿನಲ್ಲಿ 20ರ ಗೆರೆಯವರೆಗೆ ಎಳೆಯಬೇಕು. ಹಿಮೋಗ್ಲೋಬಿನ್ ಅಳೆಯುವ ಸಾಹ್ಲಿ ಟ್ಯೂಬಿನಲ್ಲಿ ಮೊದಲೇ ಹಾಕಿಟ್ಟ ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅದನ್ನು ಬಿಟ್ಟು ಹತ್ತು ನಿಮಿಷ ಕಾಯಬೇಕು. ಕಂದು ಬಣ್ಣ ಬಂದ ಮೇಲೆ ಹನಿ ಹನಿಯಾಗಿ ಡಿಸ್ಟಿಲ್ಡ್ ವಾಟರ್ ಬೆರೆಸುತ್ತಾ ಪಕ್ಕದ ಗಾಜಿನ ಪಟ್ಟಿಯ ಬಣ್ಣಕ್ಕೆ ಹೊಂದಿಸಬೇಕು. ಕಿಟಕಿ ಬೆಳಕಿಗೆ ಹಿಡಿದರೆ ಒಂದು ಹಿಮೋಗ್ಲೋಬಿನ್, ಟ್ಯೂಬ್‌ಲೈಟಿಗೆ ಹಿಡಿದರೆ ಇನ್ನೊಂದು. ಒಂದೇ ರಕ್ತಕ್ಕೆ ನಾಲ್ವರು ನಾಲ್ಕು ಅಂಕಿ ಹೇಳುತ್ತಿದ್ದೆವು. ಬಸುರಿಗೆ ಕಬ್ಬಿಣದ ಮಾತ್ರೆ ಸಾಕೋ, ರಕ್ತವನ್ನೇ ಕೊಡಬೇಕೋ ಎಂದು ಡಾಕ್ಟರು ತೀರ್ಮಾನಿಸುತ್ತಿದ್ದುದು ಆ ಅಂಕಿ ನೋಡಿ.

ಹಾಗಾಗಿ ಆ ಕಾಲವೇ ಚೆನ್ನಾಗಿತ್ತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಸೀರಮ್ ಎಳೆಯುವಾಗ ಲಕ್ಷ್ಯ ತಪ್ಪಿದರೆ ಅದು ನೇರ ಬಾಯಿಗೇ ಬರುತ್ತಿತ್ತು. ಉಗುಳಿ, ಬಾಯಿ ಮುಕ್ಕಳಿಸಿ ಕೆಲಸ ಮುಂದುವರಿಸುತ್ತಿದ್ದೆವು. ಕೈಗೆ ಗ್ಲೌಸ್ ಇರಲಿಲ್ಲ. ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ ಎಂದು ಪುಸ್ತಕದಲ್ಲಿ ಓದುತ್ತಿದ್ದೆವು, ಅದಕ್ಕೆ ಲಸಿಕೆ ಹಾಕಿಸಿಕೊಳ್ಳಿ ಎಂದು ಹೇಳುವವರಿರಲಿಲ್ಲ. ಗಾಜಿನ ಸಿರಿಂಜನ್ನು ಕುದಿಸಿ ಕುದಿಸಿ ಬಳಸುವುದು, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜುವುದು ದಿನನಿತ್ಯದ ಕೆಲಸ. ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಬಂದದ್ದೇ 1998ರಲ್ಲಿ. ಅಲ್ಲಿಯತನಕ ರಕ್ತ ಮೆತ್ತಿದ ಹತ್ತಿ, ಒಡೆದ ಸ್ಲೈಡು ಎಲ್ಲವೂ ಹಿತ್ತಲಿನ ಗುಂಡಿಗೆ.

ಅಂದಿನ ತರಬೇತಿಯಲ್ಲಿ ಒಂದು ಮಾತ್ರ ಸರಿಯಾಗಿತ್ತು. ನಾವು ನೋಡಿದ ಸ್ಲೈಡನ್ನು ಹಿರಿಯ ಟೆಕ್ನಿಷಿಯನ್ ಮತ್ತೊಮ್ಮೆ ನೋಡದೆ ರಿಪೋರ್ಟು ಹೊರಗೆ ಹೋಗುತ್ತಿರಲಿಲ್ಲ. ಲೀಶ್ಮನ್ ಬಣ್ಣ ಹಾಕಿ, ನೂರು ಬಿಳಿ ರಕ್ತಕಣ ಎಣಿಸಿ, ಯಾವುದು ಎಷ್ಟು ಎಂದು ಬರೆದುಕೊಟ್ಟರೆ ಅವರು ಸುಮ್ಮನೆ ಸಹಿ ಹಾಕುತ್ತಿರಲಿಲ್ಲ. ಲಿಂಫೋಸೈಟ್ ಎಂದು ನಾವು ಬರೆದದ್ದು ಮಾನೋಸೈಟ್ ಆಗಿದ್ದರೆ ಸ್ಲೈಡನ್ನು ಅದೇ ಜಾಗದಲ್ಲಿ ನಿಲ್ಲಿಸಿ ಕರೆಯುತ್ತಿದ್ದರು. "ಬರೀ ಗಾತ್ರ ನೋಡಬೇಡ, ನ್ಯೂಕ್ಲಿಯಸ್ಸಿನ ಮಡಿಕೆ ನೋಡು" ಅನ್ನುತ್ತಿದ್ದರು. ಬೈಗುಳವೂ ಸಾಕಷ್ಟು ಇರುತ್ತಿತ್ತು, ಅದರ ಅಗತ್ಯವೇನೂ ಇರಲಿಲ್ಲ.

ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಸೆಲ್ ಕೌಂಟರ್ ಇದೆ. ಟ್ಯೂಬು ಹಿಡಿದರೆ ಒಂದೆರಡು ನಿಮಿಷದಲ್ಲಿ ಅಂಕಿಗಳ ಪಟ್ಟಿಯೇ ಬರುತ್ತದೆ, ಹಿಮೋಗ್ಲೋಬಿನ್ ಅಂತೂ ಸಾಹ್ಲಿಗಿಂತ ಎಷ್ಟೋ ಪಾಲು ನಂಬಿಕೆಗೆ ಅರ್ಹ. ಕಫದ ಸ್ಲೈಡಿನಲ್ಲಿ ಕೆಂಪು ಕಡ್ಡಿಗಳನ್ನು ಹುಡುಕಿ ಕಣ್ಣು ನೋಯಿಸಿಕೊಂಡಿದ್ದ ನನಗೆ, ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಪತ್ತೆ ಹಚ್ಚುವ ಟ್ರೂನ್ಯಾಟ್ ಯಂತ್ರ ಕಂಡಾಗ ನಿಜಕ್ಕೂ ಸಂತೋಷವಾಯಿತು. ಅದರ ಹಿಂದಿನ ಸಂಶೋಧನೆ ಬೆಂಗಳೂರಿನಲ್ಲೇ ನಡೆದದ್ದು.

ಆದರೆ ಯಂತ್ರ ಎಡವುವ ಜಾಗಗಳಿವೆ. ಮಳೆಗಾಲದಲ್ಲಿ ಜ್ವರ ಬಂದವರೆಲ್ಲ ಕೇಳುವುದು ಪ್ಲೇಟ್‌ಲೆಟ್ ಲೆಕ್ಕ. ನಲವತ್ತು ಸಾವಿರ ಎಂದು ಪ್ರಿಂಟು ಬಂದರೆ ಮನೆಯವರು ದೊಡ್ಡಾಸ್ಪತ್ರೆಗೆ ಕಾರು ಗೊತ್ತು ಮಾಡುತ್ತಾರೆ. ಆದರೆ ಹೆಪ್ಪುಗಟ್ಟುವುದನ್ನು ತಡೆಯುವ ಇಡಿಟಿಎ ಟ್ಯೂಬಿಗೆ ಬಿದ್ದ ಮೇಲೆ ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಗುಂಪನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ. ಸ್ಮಿಯರ್ ಮಾಡಿ ಅದರ ತೆಳು ಅಂಚಿಗೆ ಹೋದರೆ ನೇರಳೆ ಗುಪ್ಪೆಗಳು ಎದ್ದು ಕಾಣುತ್ತವೆ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದರೆ ಸಾಮಾನ್ಯವಾಗಿ ಸರಿಯಾದ ಲೆಕ್ಕ ಸಿಗುತ್ತದೆ. ನಮ್ಮಲ್ಲಿಗೆ ಬಂದ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿದಾಗ ಅವರು ಮೈಕ್ರೋಸ್ಕೋಪು ಬಿಟ್ಟು ಏಳಲಿಲ್ಲ. ಕಲಿಯುವ ಹಸಿವು ಈಗಿನವರಿಗೆ ಕಡಿಮೆ ಎಂಬ ಮಾತು ಸುಳ್ಳು. ಅವರಲ್ಲಿ ಹಲವರ ಪ್ರಾಯೋಗಿಕ ತರಬೇತಿ ಬಾರ್‌ಕೋಡ್ ಅಂಟಿಸುವುದರಲ್ಲಿ, ಸ್ಯಾಂಪಲ್ ಸಾಗಿಸುವುದರಲ್ಲಿ ಮುಗಿದಿತ್ತು. ಫೀಸು ಮಾತ್ರ ಪೂರ್ತಿ ಕಟ್ಟಿದ್ದರು, ಕೆಲವರು ಸಾಲ ಮಾಡಿ.

2021ರಲ್ಲಿ ಕೇಂದ್ರದ ಕಾಯ್ದೆ ಬಂದು ಫಿಸಿಯೋಥೆರಪಿ, ರೇಡಿಯಾಲಜಿ, ಡಯಾಲಿಸಿಸ್, ಲ್ಯಾಬ್ ಹೀಗೆ ಹತ್ತಾರು ವೃತ್ತಿಗಳನ್ನು ಒಂದು ಆಯೋಗದಡಿ ತಂದಿತು. ಅಲೈಡ್ ಹೆಲ್ತ್ ಡಿಪ್ಲೊಮಾಕ್ಕಾಗಲಿ ಪದವಿಗಾಗಲಿ ಕನಿಷ್ಠ 2000 ಗಂಟೆಯ ಕಲಿಕೆ ಬೇಕು ಎನ್ನುತ್ತದೆ ಆ ಕಾಯ್ದೆ. ಬಹಳ ತಡವಾಗಿ ಬಂದ ಒಳ್ಳೆಯ ಕಾನೂನು ಅದು. ತಪಾಸಣೆಗೆ ಬರುವವರು ಕಟ್ಟಡದ ಚದರಡಿ ಅಳೆಯಲಿ, ಬೇಡ ಎನ್ನುವುದಿಲ್ಲ. ಆದರೆ ಆ ಗಂಟೆಗಳಲ್ಲಿ ಎಷ್ಟು ಗಂಟೆ ವಿದ್ಯಾರ್ಥಿ ನಿಜವಾದ ರೋಗಿಯ ಸ್ಯಾಂಪಲ್ಲಿನ ಮುಂದೆ ಕೂತಿದ್ದ, ಅವನು ಬರೆದದ್ದನ್ನು ಯಾರು ಮರುಪರಿಶೀಲಿಸಿದರು ಎಂದೂ ಕೇಳಬೇಕು. ಮರುಪರಿಶೀಲಿಸಲು ಲ್ಯಾಬಿನಲ್ಲಿ ಹಿರಿಯರು ಉಳಿದಿರಬೇಕು. ನಾನು ಕಂಡ ಲ್ಯಾಬುಗಳಲ್ಲಿ ಕೈ ಪಳಗಿದ ಹುಡುಗ ಹುಡುಗಿಯರು ಗುತ್ತಿಗೆ ನವೀಕರಣವಾಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ಕೆಲಸ ಮಾಡುತ್ತಿರುತ್ತಾರೆ, ಸ್ವಲ್ಪ ಹೆಚ್ಚು ಸಂಬಳ ಸಿಕ್ಕರೆ ಬೇರೆ ಕಡೆ ಹೋಗುತ್ತಾರೆ. ಹೋದವರನ್ನು ನಾನು ದೂರುವುದಿಲ್ಲ.