ನಕ್ಷತ್ರಕ್ಕೆ ಸಾಕ್ಷಿ ಎಲ್ಲಿ?

ಬೋಧನಾಭ್ಯಾಸದ ಎರಡನೆಯ ವಾರ. ಹತ್ತನೆಯ ತರಗತಿಯಲ್ಲಿ ಸುಟ್ಟ ಸುಣ್ಣಕ್ಕೆ ನೀರು ಸೇರಿಸುವ ಪ್ರಯೋಗ ಮಾಡಿಸಿದ್ದೆ. ವರದಿ ನೋಡಿದರೆ, ‘ವೀಕ್ಷಣೆ’ಯ ಕೆಳಗೆ ಬಹುತೇಕ ಎಲ್ಲರೂ ‘ಬಹಿರುಷ್ಣಕ ಕ್ರಿಯೆ ನಡೆಯಿತು’ ಎಂದು ಬರೆದಿದ್ದರು. ‘ಬೀಕರ್ ಬಿಸಿಯಾಯಿತು’ ಎಂದು ಬರೆದವರು ಇಬ್ಬರೇ. ಕಂಡದ್ದಕ್ಕೂ ತೀರ್ಮಾನಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಎರಡು ಸಲ ವಿವರಿಸಿದೆ. ತಲೆಯಾಡಿಸಿದರು, ಮತ್ತೆ ಹಾಗೆಯೇ ಬರೆದರು.

ಮರುದಿನ ಮನೆಯಲ್ಲಿದ್ದ ಹಳೆಯ ವಾರಪತ್ರಿಕೆ, ಸಿನಿಪತ್ರಿಕೆಗಳಿಂದ ಚಿತ್ರವಿಮರ್ಶೆಯ ಪುಟಗಳನ್ನು ಕತ್ತರಿಸಿ ತಂದು ಗುಂಪಿಗೊಂದರಂತೆ ಹಂಚಿದೆ. ಪತ್ರಿಕೆ ಬೇರೆಯಾದರೂ ಅಚ್ಚು ಒಂದೇ ಎಂಬುದನ್ನು ಮಕ್ಕಳೇ ಕಂಡುಕೊಂಡರು. ಮೂಲೆಯ ಚೌಕದಲ್ಲಿ ನಿರ್ಮಾಣ, ನಿರ್ದೇಶನ, ತಾರಾಗಣ. ಪಕ್ಕದಲ್ಲಿ ನಕ್ಷತ್ರಗಳು. ಚಿತ್ರದ ಹೆಸರನ್ನೇ ತಿರುಗಿಸಿ ಆಡಿದ ತಲೆಬರಹ. ಮೊದಲು ಅರ್ಧ ಕಥೆ, ಕೊನೆಯನ್ನು ಬಿಟ್ಟುಕೊಡುವುದಿಲ್ಲ. ಆಮೇಲೆ ನಟನೆ, ಸಂಗೀತ, ಛಾಯಾಗ್ರಹಣಕ್ಕೆ ಒಂದೊಂದು ಸಾಲು: ‘ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ’, ‘ಕ್ಯಾಮೆರಾ ಕೆಲಸ ಕಣ್ಣಿಗೆ ಹಬ್ಬ’, ‘ದ್ವಿತೀಯಾರ್ಧದಲ್ಲಿ ಹಿಡಿತ ತಪ್ಪಿದೆ’.

ಯಾರು ನೋಡಿದರೂ ಒಪ್ಪುವ ಮಾತಿಗೆ ನೀಲಿ ಗೆರೆ, ವಿಮರ್ಶಕರ ತೀರ್ಮಾನಕ್ಕೆ ಕೆಂಪು ಗೆರೆ ಎಳೆಯಲು ಹೇಳಿದೆ. ಚೌಕವೆಲ್ಲ ನೀಲಿಯಾಯಿತು, ನಕ್ಷತ್ರಗಳೆಲ್ಲ ಕೆಂಪು. “ಯಾವ ದೃಶ್ಯದಲ್ಲಿ ಹಿಡಿತ ತಪ್ಪಿತು ಅಂತ ಹೇಳೇ ಇಲ್ವಲ್ಲ ಮಿಸ್” ಎಂದ ಹಿಂದಿನ ಬೆಂಚಿನ ಹುಡುಗ. ನಾನು ಹೇಳಬೇಕೆಂದಿದ್ದುದನ್ನು ಅವನೇ ಹೇಳಿದ್ದ.

ಬಳಿಕ, ಬಹಳಷ್ಟು ಮಕ್ಕಳು ಟಿವಿಯಲ್ಲಿ ನೋಡಿದ್ದ 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರಕ್ಕೆ ವಿಮರ್ಶೆ ಬರೆಸಿದೆ. ಚೌಕ ಸುಲಭವಾಗಿ ತುಂಬಿತು: ನಿರ್ದೇಶನ ರಿಷಬ್ ಶೆಟ್ಟಿ, ಸಂಗೀತ ವಾಸುಕಿ ವೈಭವ್, ತಾರಾಗಣದಲ್ಲಿ ಅನಂತ್ ನಾಗ್. ಉಳಿದದ್ದಕ್ಕೆ ನಿಯಮ ಒಂದೇ: ಪ್ರತಿ ಕೆಂಪು ಸಾಲಿನ ಹಿಂದೆ ಒಂದು ನೀಲಿ ಸಾಲು ಇರಬೇಕು. ‘ಚೆನ್ನಾಗಿದೆ’ ಎಂದವರು ಯಾವ ದೃಶ್ಯ ಎಂದು ಹುಡುಕತೊಡಗಿದರು.

ಮುಂದಿನ ಪ್ರಯೋಗ ಸತು ಮತ್ತು ಸಾರರಿಕ್ತ ಆಮ್ಲದ್ದು. ಈ ಸಲ ಹೆಚ್ಚಿನವರ ವೀಕ್ಷಣೆಯಲ್ಲಿ ‘ಗುಳ್ಳೆಗಳು ಎದ್ದವು’ ಎಂದಿತ್ತು. ‘ಹೈಡ್ರೋಜನ್ ಬಿಡುಗಡೆಯಾಯಿತು’ ಎಂಬುದು ತೀರ್ಮಾನಕ್ಕೆ ಇಳಿದಿತ್ತು. ಖುಷಿಯಿಂದ ಪುಸ್ತಕಗಳನ್ನು ತಿದ್ದಿ ಹಿಂತಿರುಗಿಸಿದೆ.

ಒಬ್ಬ ಹುಡುಗಿ ಪುಸ್ತಕ ಹಿಡಿದು ಮೇಜಿನ ಬಳಿ ಬಂದಳು. “ಮಿಸ್, ನನಗೆ ‘ಉತ್ತಮ’ ಅಂತ ಬರೆದಿದ್ದೀರಿ. ಇದು ಕೆಂಪು ಸಾಲು ಅಲ್ವಾ? ನೀಲಿ ಎಲ್ಲಿದೆ?”

ಉತ್ತರ ಹೊಳೆಯಲಿಲ್ಲ. ಪುಸ್ತಕಗಳನ್ನು ಮತ್ತೆ ಇಸಿದುಕೊಂಡೆ. ಒಟ್ಟು 38. ‘ಗುಳ್ಳೆ ಏಳಲು ಎಷ್ಟು ಹೊತ್ತಾಯಿತು ಎಂದೂ ಬರೆದಿದ್ದೀಯ, ಉತ್ತಮ’ ಎಂದು ಅವಳದ್ದನ್ನು ತಿದ್ದುವುದು ಸುಲಭವಾಯಿತು. ಆದರೆ 11 ಪುಸ್ತಕಗಳಲ್ಲಿ ಏಕೆ ‘ಉತ್ತಮ’ ಎಂದೆನೋ ನನಗೇ ತಿಳಿಯಲಿಲ್ಲ. ಅವನ್ನು ಆ ಸಂಜೆ ಮೊದಲ ಸಲ ಪೂರ್ತಿ ಓದಿದೆ.